ಡಾಕ್ಟರ ಹೆಸರಿನ ಮುಂದಿರುವ ಡಾಲರುಗಳ ಬಗ್ಗೆ ಮೇಘನಾಳಿಗೆ

ಚಿ. ಸೌ. ಮೇಘನಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಅಪ್ಪನ ಕಣ್ಣಿನ ಡಾಕ್ಟರ ಬಗ್ಗೆ ನೀನು ಕಳಿಸಿದ ಎರಡೂ ಪಟ್ಟಿಗಳನ್ನು ಕೂತು ಪೂರ್ತಿ ನೋಡಿದೆ: ಒಂದು ಅವರಿಗೆ ಮೆಡಿಕೇರ್, ಅಂದರೆ ಅಮೆರಿಕ ಸರ್ಕಾರ ಮುಖ್ಯವಾಗಿ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ, ಕೊಟ್ಟ ಹಣದ್ದು, ಇನ್ನೊಂದು ಔಷಧ ಕಂಪನಿಗಳು ಕೊಟ್ಟ ಹಣದ್ದು. ಎಲ್ಲಕ್ಕಿಂತ ಮೊದಲು ಒಂದು ಮಾತು. ನನ್ನ ಅಣ್ಣನ, ಅಂದರೆ ನಿನ್ನ ಅಪ್ಪನ, ಮುಂದಿನ ಕಣ್ಣಿನ ಇಂಜೆಕ್ಷನ್ ಅಪಾಯಿಂಟ್‌ಮೆಂಟ್ ಮಾತ್ರ ಕ್ಯಾನ್ಸಲ್ ಮಾಡಬೇಡ. ಅವನಿಗಿರುವ ವೆಟ್ ಮ್ಯಾಕ್ಯುಲರ್ ಡಿಜನರೇಶನ್‌ನಲ್ಲಿ (ಕಣ್ಣಿನ ಒಳಪರದೆಯಾದ ರೆಟಿನಾದ ನಡುಭಾಗ ಹಾಳಾಗುವ ಕಾಯಿಲೆ) ಇಂಜೆಕ್ಷನ್ ತಡವಾದರೆ ರೆಟಿನಾದ ಕೆಳಗೆ ಮತ್ತೆ ನೀರು, ರಕ್ತ ಸೋರಬಹುದು. ಹಾಗೆ ಹೋದ ದೃಷ್ಟಿ ಎಲ್ಲ ಸಲವೂ ವಾಪಸ್ ಬರುವುದಿಲ್ಲ. ಡಾಕ್ಟರನ್ನು ಬದಲಾಯಿಸಲೇಬೇಕು ಅನ್ನಿಸಿದರೆ, ಬೇರೆ ಕಡೆ ಡೇಟ್ ಸಿಕ್ಕಿದ ಮೇಲೆ ಬದಲಾಯಿಸು. ಅಲ್ಲಿಯವರೆಗೆ ಇವರ ಹತ್ತಿರವೇ ಹೋಗಲಿ.

"ಒಬ್ಬರೇ ಡಾಕ್ಟರಿಗೆ ಸರ್ಕಾರ ವರ್ಷಕ್ಕೆ ಮಿಲಿಯನ್‌ಗಟ್ಟಲೆ ಕೊಟ್ಟಿದೆ, ಅದರ ಮೇಲೆ ಔಷಧ ಕಂಪನಿಗಳೂ ದುಡ್ಡು ಕೊಟ್ಟಿವೆ, ಇವರನ್ನು ಹೇಗೆ ನಂಬೋದು ಅತ್ತೆ?" ಅಂತ ಕೇಳಿದ್ದೀಯ. ಕೇಳಿದ್ದು ಒಳ್ಳೆಯದೇ ಆಯಿತು. ನಾನು ಅಮೆರಿಕಕ್ಕೆ ಬಂದ ಮೇಲೆ ದುಡಿದಿದ್ದೆಲ್ಲ ರೆಟಿನಾ ಕ್ಲಿನಿಕ್‌ಗಳ ಬಿಲ್ಲಿಂಗ್ ಟೇಬಲ್‌ನಲ್ಲೇ. ನೀನು ನೋಡಿದ ಸಾಲುಗಳು ಹುಟ್ಟುವುದೂ ಅಲ್ಲೇ. ಯಾವ ಸಂಖ್ಯೆ ಏನನ್ನು ಎಣಿಸುತ್ತಿದೆ ಅಂತ ಗೊತ್ತಿಲ್ಲದೆ ಈ ಪಟ್ಟಿ ಓದಿದರೆ, ತಪ್ಪಿಲ್ಲದವರ ಮೇಲೆ ಅನುಮಾನ ಬರುತ್ತದೆ, ನಿಜವಾಗಿ ಕೇಳಬೇಕಾದ ಪ್ರಶ್ನೆ ಉಳಿದುಹೋಗುತ್ತದೆ.

ಮೆಡಿಕೇರ್ ಪಟ್ಟಿಯ ಮಾಹಿತಿ ಜನರ ಕೈಗೆ ಸುಮ್ನೆ ಬಂದದ್ದಲ್ಲ, ಅದನ್ನೂ ತಿಳಿದುಕೋ. ಯಾವ ಡಾಕ್ಟರಿಗೆ ಮೆಡಿಕೇರ್ ಎಷ್ಟು ಕೊಟ್ಟಿದೆ ಅಂತ ಹೆಸರು ಹಾಕಿ ಹೇಳಬಾರದು ಎಂದು 1979ರಲ್ಲಿ ಫ್ಲಾರಿಡಾದ ಕೋರ್ಟೊಂದು ತಡೆ ಹಾಕಿತ್ತು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮಾಲೀಕ ಕಂಪನಿ ಡೌ ಜೋನ್ಸ್ ಕೋರ್ಟಿಗೆ ಹೋದ ಮೇಲೆ 2013ರಲ್ಲಿ ಆ ತಡೆ ತೆರವಾಯಿತು. 2014ರ ಏಪ್ರಿಲ್‌ನಲ್ಲಿ ಮೊದಲ ಪಟ್ಟಿ ಬಂತು. ಅದರಲ್ಲಿ 2012ರ ಲೆಕ್ಕ, 8 ಲಕ್ಷದ 80 ಸಾವಿರಕ್ಕೂ ಜಾಸ್ತಿ ಡಾಕ್ಟರು ಮತ್ತಿತರರ ಹೆಸರು, ಸುಮಾರು 7,700 ಕೋಟಿ ಡಾಲರ್ ಪಾವತಿ. ಆ ವಾರ ಪತ್ರಿಕೆಗಳೆಲ್ಲ "ಅತಿ ಹೆಚ್ಚು ಹಣ ಪಡೆದ ಡಾಕ್ಟರು" ಅಂತ ಬರೆದವು. ಮೇಲಿನ ಸಾಲಿನಲ್ಲಿದ್ದವರಲ್ಲಿ ಕಣ್ಣಿನ ಡಾಕ್ಟರುಗಳೇ ಜಾಸ್ತಿ. ಯಾಕೆ ಅಂತ ಗೊತ್ತಾದರೆ ನಿನ್ನ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ನಾವು ಮೆಡಿಕಲ್ ಶಾಪಿಗೆ ಹೋಗಿ ತರುವ ಮಾತ್ರೆಯ ದುಡ್ಡು ಡಾಕ್ಟರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕ್ಲಿನಿಕ್‌ನಲ್ಲೇ ಚುಚ್ಚುವ ಔಷಧ ಹಾಗಲ್ಲ. ಡಾಕ್ಟರು ಮೊದಲೇ ದುಡ್ಡು ಕೊಟ್ಟು ಕೊಂಡು ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ. ಚುಚ್ಚಿದ ಮೇಲೆ ಮೆಡಿಕೇರ್‌ಗೆ ಬಿಲ್ ಹೋಗುತ್ತದೆ. ಈ ಕಾಯಿಲೆಗೆ ಕಣ್ಣಿಗೆ ಚುಚ್ಚುವ ಲೂಸೆಂಟಿಸ್ ಎಂಬ ಔಷಧಕ್ಕೆ ಆಗ ಒಂದು ಡೋಸಿಗೆ ಸುಮಾರು 2,000 ಡಾಲರ್. ಅದಕ್ಕೆ ಮೆಡಿಕೇರ್ ಕೊಟ್ಟದ್ದೆಲ್ಲ ಡಾಕ್ಟರ ಹೆಸರಿನಲ್ಲೇ ಪಾವತಿಯಾಗಿ ಕಾಣಿಸುತ್ತದೆ. ಅದರಲ್ಲಿ ಬಹುಪಾಲು ಔಷಧ ಕೊಂಡ ಖರ್ಚು ತುಂಬಲಿಕ್ಕೇ ಹೋಗುತ್ತದೆ. ಅಂಗಡಿಯ ವರ್ಷದ ವ್ಯಾಪಾರವನ್ನೆಲ್ಲ ಶೆಟ್ಟರ ಲಾಭ ಅಂದುಕೊಂಡರೆ ಹೇಗೋ ಹಾಗೆ. ಕ್ಯಾನ್ಸರ್ ಡಾಕ್ಟರು, ಸಂಧಿವಾತದ ಡಾಕ್ಟರುಗಳ ಮೊತ್ತ ದೊಡ್ಡದಾಗಿ ಕಾಣುವುದಕ್ಕೂ ಇದೇ ಕಾರಣ.

ಇನ್ನು ನೀನು ಕೆಂಪು ಗೆರೆ ಎಳೆದು ಕಳಿಸಿದ ಸಾಲು. ವಾಬಿಸ್ಮೊ ಔಷಧದ ಮುಂದೆ "ಸರ್ವಿಸ್‌ಗಳು" ಅನ್ನುವ ಕಡೆ ಸಾವಿರಗಟ್ಟಲೆ ಸಂಖ್ಯೆ ಇದೆ. "ಒಬ್ಬ ಮನುಷ್ಯ ವರ್ಷದಲ್ಲಿ ಇಷ್ಟು ಇಂಜೆಕ್ಷನ್ ಕೊಡಲು ಸಾಧ್ಯವೇ?" ಅಂತ ಬರೆದಿದ್ದೀಯ. ಅಷ್ಟು ಇಂಜೆಕ್ಷನ್ ಕೊಟ್ಟಿಲ್ಲ. ಬಿಲ್ಲಿನಲ್ಲಿ ಆ ಔಷಧಕ್ಕೆ ಬರೆಯುವ ಕೋಡ್ ಎಣಿಸುವುದು 0.1 ಮಿಲಿಗ್ರಾಂ ಲೆಕ್ಕದಲ್ಲಿ. ಒಂದು ಡೋಸ್ ಅಂದರೆ 6 ಮಿಲಿಗ್ರಾಂ. ಹಾಗಾಗಿ ಒಂದು ಕಣ್ಣಿಗೆ ಒಂದು ಸಲ ಚುಚ್ಚಿದರೆ ಪಟ್ಟಿಯಲ್ಲಿ 60 ಸರ್ವಿಸ್ ಬೀಳುತ್ತದೆ. ಲೂಸೆಂಟಿಸ್‌ನ 0.5 ಮಿಲಿಗ್ರಾಂ ಡೋಸಿಗೆ 5 ಬೀಳುತ್ತದೆ. ಅದೇ ಪಟ್ಟಿಯಲ್ಲಿ ಒಬ್ಬ ರೋಗಿ ಒಂದು ದಿನ ಪಡೆದದ್ದನ್ನು ಒಂದೇ ಅಂತ ಎಣಿಸುವ ಇನ್ನೊಂದು ಕಾಲಂ ಇದೆ, ಅದನ್ನು ನೋಡು. ಆಮೇಲೆ 67028 ಅನ್ನುವ ಕೋಡ್ ಹುಡುಕು. ಕಣ್ಣಿಗೆ ಇಂಜೆಕ್ಷನ್ ಚುಚ್ಚುವ ಕೆಲಸಕ್ಕೆ ಇರುವ ಕೋಡ್ ಅದು. ಎಷ್ಟು ಸಲ ಚುಚ್ಚಿದರು, ಎಷ್ಟು ರೋಗಿಗಳಿಗೆ ಅನ್ನುವುದು ಅಲ್ಲಿ ಸಿಗುತ್ತದೆ. ಸಲಗಳನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ ನೋಡು. ಈ ಕಾಯಿಲೆಯಲ್ಲಿ ಒಬ್ಬರಿಗೆ ವರ್ಷಕ್ಕೆ ಹಲವು ಇಂಜೆಕ್ಷನ್ ಬೀಳುವುದು ಮಾಮೂಲು, ಎರಡು ಕಣ್ಣಿಗೂ ಬೇಕಾದರೆ ಇನ್ನೂ ಜಾಸ್ತಿ. ನಿನ್ನ ಪಟ್ಟಿಯಲ್ಲಿ ಈ ಲೆಕ್ಕ ಮಾಡಿದಾಗ ನನಗೆ ಹುಬ್ಬೇರಿಸುವಂಥದ್ದೇನೂ ಕಾಣಲಿಲ್ಲ.

ಮುಖ್ಯವಾಗಿ ಮೂರು ಬಗೆಯ ದುಡ್ಡಿನ ಕಾಲಂ ಇದೆ, ಅವನ್ನು ಕಲಸಿಕೊಳ್ಳಬೇಡ. ಡಾಕ್ಟರು ಹಾಕಿದ ಬಿಲ್ ಒಂದು. ಅದು ಬಾಯಿಗೆ ಬಂದ ರೇಟು ಅಂತಲೇ ಇಟ್ಟುಕೋ, ಅಷ್ಟನ್ನು ಮೆಡಿಕೇರ್ ಕೊಡುವುದಿಲ್ಲ. ಮೆಡಿಕೇರ್ ಒಪ್ಪಿದ ದರ ಎರಡನೆಯದು. ಅದರಲ್ಲಿ ಸಾಮಾನ್ಯವಾಗಿ 80 ಪರ್ಸೆಂಟ್ ಮೆಡಿಕೇರ್ ಕೊಡುತ್ತದೆ, ಅದು ಮೂರನೆಯದು. ಉಳಿದ 20 ಪರ್ಸೆಂಟ್ ರೋಗಿಯದ್ದು, ಅಥವಾ ಅವರ ಸಪ್ಲಿಮೆಂಟ್ ಇನ್ಶೂರೆನ್ಸ್‌ನದ್ದು. ನೀನು ಗಾಬರಿಯಾದದ್ದು ಮೊದಲನೆಯದನ್ನು ನೋಡಿ.

"ರೆಟಿನಾ ಕಿತ್ತುಬಂದರೆ ಮಾಡುವ ಆಪರೇಷನ್ ಇವರು ಮಾಡೇ ಇಲ್ಲ" ಅಂತಲೂ ಬರೆದಿದ್ದೀಯ. ಹಾಗೆ ಹೇಳಲು ಬರುವುದಿಲ್ಲ. ಯಾವ ಕೋಡ್‌ನಲ್ಲಿ ರೋಗಿಗಳು 10 ಅಥವಾ ಅದಕ್ಕಿಂತ ಕಡಿಮೆ ಇದ್ದಾರೋ ಆ ಸಾಲನ್ನೇ ತೆಗೆದುಹಾಕುತ್ತಾರೆ, ರೋಗಿ ಯಾರು ಅಂತ ಗುರುತು ಸಿಗಬಾರದು ಅಂತ. ಜೊತೆಗೆ ಇದು ಹಳೆಯ ಮೂಲ ಮೆಡಿಕೇರ್‌ನ ಲೆಕ್ಕ ಮಾತ್ರ. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ ಇರುವವರು ಇಲ್ಲಿ ಸೇರುವುದೇ ಇಲ್ಲ. ಈಗ ಮೆಡಿಕೇರ್‌ನಲ್ಲಿ ಅವರೇ ಅರ್ಧಕ್ಕಿಂತ ಜಾಸ್ತಿ. 65 ತುಂಬದವರ ಆಪರೇಷನ್‌ಗಳೂ ಹೆಚ್ಚುಕಡಿಮೆ ಎಲ್ಲ ಹೊರಗೆ. ಮೇಲಿಂದ ಲೆಕ್ಕ ಸುಮಾರು ಎರಡು ವರ್ಷ ಹಳೆಯದು. ಇನ್ನೂ ಒಂದು ಇದೆ. ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ರೋಗಿಗಳನ್ನು ತಾವೇ ನೋಡುವ ನರ್ಸ್) ನೋಡಿದ ರೋಗಿಯ ಬಿಲ್ ಕೆಲವು ನಿಯಮಗಳ ಅಡಿಯಲ್ಲಿ ಡಾಕ್ಟರ ನಂಬರಿನಲ್ಲೇ ಹೋಗಬಹುದು. ಆಗ ಇಬ್ಬರ ಕೆಲಸ ಒಬ್ಬರದ್ದಾಗಿ ಕಾಣುತ್ತದೆ. ಇನ್ನು ಕೈ ಎಷ್ಟು ಚೆನ್ನಾಗಿದೆ, ಯಾರ ಕಣ್ಣು ಉಳಿಯಿತು, ಯಾರದ್ದು ಹೋಯಿತು? ಅದರ ಸುದ್ದಿಯೇ ಈ ಪಟ್ಟಿಯಲ್ಲಿ ಇಲ್ಲ, ಮೇಘನಾ.

ಹಾಗಂತ ದೊಡ್ಡ ಮೊತ್ತ ಯಾವತ್ತೂ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. 2012ರ ಪಟ್ಟಿಯ ತುದಿಯಲ್ಲಿದ್ದವರು ಫ್ಲಾರಿಡಾದ ಕಣ್ಣಿನ ಡಾಕ್ಟರ್ ಸಾಲೊಮನ್ ಮೆಲ್ಗೆನ್. ಆ ಒಂದೇ ವರ್ಷದ ಪಾವತಿ ಸುಮಾರು 2.1 ಕೋಟಿ ಡಾಲರ್. 2017ರಲ್ಲಿ ಅವರ ಮೇಲೆ ಮೆಡಿಕೇರ್ ವಂಚನೆ ಸಾಬೀತಾಯಿತು, 2018ರಲ್ಲಿ 17 ವರ್ಷ ಜೈಲು ಶಿಕ್ಷೆಯಾಯಿತು. 2021ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆ ಶಿಕ್ಷೆ ಕಡಿತ ಮಾಡಿದರು. ಆದರೆ ನೋಡು, ಜೂರಿಯ ಮುಂದೆ ನಿಂತದ್ದು ಬರೀ ಮೊತ್ತ ಅಲ್ಲ. ಇಲ್ಲದ ರೋಗ ಇದೆ ಅಂತ ಬರೆದ ಫೈಲುಗಳು. ಪಟ್ಟಿ ಬೆರಳು ತೋರಿಸಬಹುದು, ತೀರ್ಪು ಕೊಡಲು ಅದರಿಂದ ಆಗುವುದಿಲ್ಲ.

ಈಗ ಎರಡನೆಯ ಪಟ್ಟಿ, ಕಂಪನಿಗಳು ಡಾಕ್ಟರುಗಳಿಗೆ ಕೊಟ್ಟ ಹಣದ್ದು. ಅದರ ಹೆಸರು ಓಪನ್ ಪೇಮೆಂಟ್ಸ್. ನನ್ನ ಪ್ರಕಾರ ನೀನು ಜಾಸ್ತಿ ಹೊತ್ತು ಕೂರಬೇಕಾದದ್ದು ಇಲ್ಲಿ. ಸೆನೆಟರ್‌ಗಳಾದ ಚಕ್ ಗ್ರಾಸ್ಲಿ ಮತ್ತು ಹರ್ಬ್ ಕೋಲ್ ಹಟ ಹಿಡಿದು ತಂದ, ಅಂಥ ಹಣದ ಲೆಕ್ಕ ಬಹಿರಂಗ ಮಾಡಿಸುವ ಸನ್‌ಶೈನ್ ಕಾಯ್ದೆ 2010ರ ಆರೋಗ್ಯ ಕಾನೂನಿನ ಒಳಗೆ ಸೇರಿತು. 2013ರ ಆಗಸ್ಟ್‌ನಿಂದ ಕಂಪನಿಗಳು ಲೆಕ್ಕ ಇಡಲು ಶುರು ಮಾಡಿದವು, 2014ರ ಸೆಪ್ಟೆಂಬರ್ 30ಕ್ಕೆ ಮೊದಲ ಸಲ ಜನರಿಗೆ ಕಾಣಿಸಿತು. ಈಗ ಪ್ರತಿ ವರ್ಷ ಜೂನ್ ಕೊನೆಯೊಳಗೆ ಹೊಸದು ಬರುತ್ತದೆ. ಬರೆದು ಕೊಡುವುದು ಕಂಪನಿ, ಡಾಕ್ಟರಲ್ಲ. ಪ್ರಕಟವಾಗುವ ಮೊದಲು 45 ದಿನ ಡಾಕ್ಟರು ನೋಡಿ ತಕರಾರು ಹೇಳಬಹುದು. ಹೇಳುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ತಪ್ಪುಗಳು ಹಾಗೇ ಉಳಿಯುವುದೂ ಉಂಟು. ಒಂದೇ ಹೆಸರಿನ ಇಬ್ಬರಿರುತ್ತಾರೆ, ಊರು ಮತ್ತು ಸ್ಪೆಷಾಲಿಟಿ ಎರಡನ್ನೂ ತಾಳೆ ನೋಡಿಯೇ ಮುಂದೆ ಹೋಗು. ನಮ್ಮ ಬೆಂಗಳೂರಿನಲ್ಲಿ ಡಾಕ್ಟರ ಹೆಸರು ಹಾಕಿ ಯಾರು ಬೇಕಾದರೂ ಹೀಗೆ ನೋಡುವ ಪಟ್ಟಿ ಇಲ್ಲ. 2024ರ ಮಾರ್ಚ್‌ನಲ್ಲಿ ಔಷಧ ಕಂಪನಿಗಳಿಗೆ ಹೊಸ ಮಾರ್ಕೆಟಿಂಗ್ ನೀತಿ ಬಂದಿದೆ, ಅಷ್ಟೇ. ಇಲ್ಲಿ ಈ ಸೌಲಭ್ಯ ಇದೆ, ಚೆನ್ನಾಗಿ ಉಪಯೋಗಿಸಿಕೋ.

ಇದರಲ್ಲೂ ಮೂರು ಭಾಗ: ಸಾಮಾನ್ಯ ಪಾವತಿ, ಸಂಶೋಧನೆ, ಕಂಪನಿಯಲ್ಲಿ ಪಾಲು. ನಿನ್ನನ್ನು ಹೆದರಿಸಿದ ದೊಡ್ಡ ಮೊತ್ತ ಸಂಶೋಧನೆಯದ್ದು. ಕ್ಲಿನಿಕಲ್ ಟ್ರಯಲ್ ನಡೆಸಲು ಕಂಪನಿ ಕೊಟ್ಟ ಹಣ ಅದು. ನರ್ಸ್, ಸ್ಕ್ಯಾನ್, ಕಾಗದಪತ್ರ ಎಲ್ಲದರ ಖರ್ಚೂ ಅದರಲ್ಲಿ ಸೇರಿರುತ್ತದೆ. ಹಣ ಬಹಳ ಸಲ ಸಂಸ್ಥೆಗೆ ಹೋಗುತ್ತದೆ, ಹೆಸರು ಮಾತ್ರ ಮುಖ್ಯ ಸಂಶೋಧಕರದ್ದು ಇರುತ್ತದೆ. ಅದನ್ನು ಪಕ್ಕಕ್ಕಿಡು.

ಊಟದ ಸಾಲುಗಳನ್ನು ನೋಡಿ ನೀನು "ಇದು ಬಿಡಿ ಅತ್ತೆ, ಹದಿನೈದು ಇಪ್ಪತ್ತು ಡಾಲರ್" ಅಂದಿದ್ದೀಯ. ನಾನು ಅದನ್ನು ಬಿಡುವುದಿಲ್ಲ. ಕ್ಲಿನಿಕ್‌ನಲ್ಲಿ ಇದು ಹೇಗೆ ನಡೆಯುತ್ತದೆ ಗೊತ್ತಾ? ಮಧ್ಯಾಹ್ನ ಕಂಪನಿಯ ರೆಪ್ (ಮಾರಾಟ ಪ್ರತಿನಿಧಿ) ಟ್ರೇಗಳಲ್ಲಿ ಎಲ್ಲರಿಗೂ ಊಟ ತರುತ್ತಾರೆ. ಬಾಗಿಲ ಹತ್ತಿರ ಒಂದು ಸಹಿ ಹಾಕುವ ಹಾಳೆ. ಒಟ್ಟು ಬಿಲ್ಲನ್ನು ತಿಂದವರ ತಲೆಗೆ ಹಂಚುತ್ತಾರೆ. ಡಾಕ್ಟರ ಪಾಲು ಪಟ್ಟಿ ಸೇರುತ್ತದೆ, 2021ರ ಲೆಕ್ಕದಿಂದ ಈಚೆಗೆ ನರ್ಸ್ ಪ್ರಾಕ್ಟೀಷನರ್‌ಗಳ ಪಾಲೂ ಸೇರುತ್ತಿದೆ. ಡಾಕ್ಟರು ಒಂದು ಕೈಯಲ್ಲಿ ತಟ್ಟೆ ಹಿಡಿದು ನಿಂತೇ ತಿನ್ನುತ್ತಿರುವಾಗ ರೆಪ್ ಹೊಸ ಔಷಧದ ಕಾಗದ ತೋರಿಸುತ್ತಾರೆ. 2016ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಮೆಡಿಕೇರ್‌ನ ಔಷಧ ಚೀಟಿಗಳನ್ನೂ ಈ ಪಟ್ಟಿಯನ್ನೂ ಜೋಡಿಸಿ ನೋಡಿತು. 20 ಡಾಲರ್‌ಗಿಂತ ಕಡಿಮೆಯ ಒಂದೇ ಊಟ ಪಡೆದ ಡಾಕ್ಟರುಗಳೂ ಆ ಕಂಪನಿಯ ಬ್ರ್ಯಾಂಡ್ ಔಷಧವನ್ನು ಊಟ ಪಡೆಯದವರಿಗಿಂತ ಜಾಸ್ತಿ ಬರೆಯುತ್ತಿದ್ದರು. ಊಟದಿಂದಲೇ ಹಾಗಾಯಿತು ಅಂತ ಅದು ಸಾಬೀತು ಮಾಡಲಿಲ್ಲ. ಮೊದಲೇ ಆ ಔಷಧ ಇಷ್ಟಪಟ್ಟವರ ಹತ್ತಿರವೇ ರೆಪ್ ಹೋಗಿರಬಹುದು. ಆದರೂ ಚಿಕ್ಕ ಮೊತ್ತ ಅಂತ ತಳ್ಳಿಹಾಕಬಾರದು ಅಂತ ನನಗೆ ಅನ್ನಿಸಿದೆ.

ಅದಕ್ಕಿಂತ ಗಂಭೀರ ಅಂದರೆ ಭಾಷಣದ ದುಡ್ಡು. ಕಂಪನಿಯ ಪರವಾಗಿ ಬೇರೆ ಡಾಕ್ಟರುಗಳಿಗೆ ಊಟದ ಹೋಟೆಲಿನಲ್ಲಿ ಉಪನ್ಯಾಸ ಕೊಟ್ಟು ಪಡೆಯುವ ಹಣ. ಅಮೆರಿಕದ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ 2020ರ ನವೆಂಬರ್‌ನಲ್ಲಿ ಇಂಥ ಕಾರ್ಯಕ್ರಮಗಳ ಬಗ್ಗೆಯೇ ವಿಶೇಷ ಎಚ್ಚರಿಕೆ ಕೊಟ್ಟರು. ಒಂದೇ ಕಂಪನಿಯಿಂದ, ಒಂದೇ ಔಷಧದ ಹೆಸರಿನಲ್ಲಿ, ವರ್ಷದ ಮೇಲೆ ವರ್ಷ ಅಂಥ ಪಾವತಿ ಇದ್ದು, ಮೆಡಿಕೇರ್ ಪಟ್ಟಿಯಲ್ಲಿ ಆ ಔಷಧವೇ ತುಂಬಿದ್ದರೆ, ಆಗ ನಾನೂ ಎದ್ದು ಕೂರುತ್ತೇನೆ. ಅಣ್ಣನ ಡಾಕ್ಟರ ಹೆಸರಿನಲ್ಲಿ ಊಟ, ಸಂಶೋಧನೆ, ಒಂದು ಕನ್ಸಲ್ಟಿಂಗ್ (ಕಂಪನಿಗೆ ಸಲಹೆ ಕೊಟ್ಟದ್ದರ) ಪಾವತಿ ಇವೆ. ಭಾಷಣದ್ದು ಇಲ್ಲ.

ನಿಜವಾಗಿ ಕೇಳಬೇಕಾದದ್ದು ಬೇರೆ ಇದೆ. ಕ್ಲಿನಿಕ್‌ನಲ್ಲಿ ಕೊಡುವ ಔಷಧಕ್ಕೆ ಮೆಡಿಕೇರ್ ಸರಾಸರಿ ಮಾರಾಟ ಬೆಲೆ ಮತ್ತು ಅದರ ಮೇಲೆ 6 ಪರ್ಸೆಂಟ್ ಕೊಡುವುದು ಕಾನೂನಿನ ಲೆಕ್ಕ. 2013ರಿಂದ ಬಜೆಟ್ ಕಡಿತದಲ್ಲಿ ಅದು ಸ್ವಲ್ಪ ಇಳಿದಿದೆ. 2,000 ಡಾಲರ್ ಔಷಧಕ್ಕೆ 6 ಪರ್ಸೆಂಟ್ ಅಂದರೆ 120 ಡಾಲರ್, 50 ಡಾಲರ್ ಔಷಧಕ್ಕೆ 3 ಡಾಲರ್. ಅಂದರೆ ದುಬಾರಿಯದ್ದನ್ನು ಆರಿಸಿದರೆ ಡಾಕ್ಟರಿಗೆ ಸಿಗುವುದೂ ಜಾಸ್ತಿ. ಅವಾಸ್ಟಿನ್ ಅನ್ನುವ ಔಷಧ ಒಂದು ಡೋಸಿಗೆ ಸುಮಾರು 50 ಡಾಲರಿಗೇ ಸಿಗುತ್ತಿತ್ತು. ಕಣ್ಣಿಗೆ ಅದು ಲೂಸೆಂಟಿಸ್‌ನಷ್ಟೇ ಕೆಲಸ ಮಾಡುತ್ತದೆ ಅಂತ ಸರ್ಕಾರದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ನಡೆಸಿದ ಟ್ರಯಲ್ 2011ರಲ್ಲೇ ತೋರಿಸಿತು. ಹಾಗಂತ ದುಬಾರಿಯದ್ದು ಕೊಟ್ಟವರೆಲ್ಲ ದುಡ್ಡಿಗಾಗಿ ಕೊಟ್ಟರು ಅನ್ನಬೇಡ. ಅವಾಸ್ಟಿನ್ ಮೂಲತಃ ಕ್ಯಾನ್ಸರಿನದ್ದು, ಕಣ್ಣಿಗೆ ಬೇಕಾದಷ್ಟನ್ನು ಫಾರ್ಮಸಿಯಲ್ಲಿ ಸಣ್ಣ ಸಿರಿಂಜ್‌ಗಳಿಗೆ ಹಂಚಬೇಕು. 2011ರಲ್ಲಿ ಫ್ಲಾರಿಡಾದ ಮಯಾಮಿ ಪ್ರದೇಶದಲ್ಲಿ ಹಾಗೆ ಹಂಚುವಾಗ ಸೋಂಕು ಸೇರಿ ಹಲವರ ಕಣ್ಣಿಗೆ ಅಪಾಯವಾಯಿತು. ಹೊಸ ಔಷಧಗಳು ಕೆಲವರಲ್ಲಿ ಜಾಸ್ತಿ ವಾರ ತಡೆಯುತ್ತವೆ, ಇಂಜೆಕ್ಷನ್ ಕಡಿಮೆಯಾಗುತ್ತದೆ. ಅಣ್ಣನ ವಯಸ್ಸಿಗೆ ಅದೂ ದೊಡ್ಡ ಸಮಾಧಾನ ಅಲ್ವಾ?

ಹಾಗಾಗಿ ಮುಂದಿನ ಸಲ ನೀನೇ ಜೊತೆಗೆ ಹೋಗು. ಸಿಟ್ಟಿಲ್ಲದೆ ಕೇಳು: "ಅಪ್ಪನಿಗೆ ಈ ಔಷಧವನ್ನೇ ಯಾಕೆ ಆರಿಸಿದಿರಿ? ಅಗ್ಗದ್ದನ್ನು ಮೊದಲು ಪ್ರಯತ್ನಿಸಬಹುದಿತ್ತೇ? ಈ ಕಂಪನಿಯ ಜೊತೆ ನಿಮ್ಮ ಕನ್ಸಲ್ಟಿಂಗ್ ಯಾವುದರ ಬಗ್ಗೆ?" ಒಳ್ಳೆಯ ಡಾಕ್ಟರಿಗೆ ಇದು ಅವಮಾನ ಅಲ್ಲ. ಅಣ್ಣನ ಸ್ಕ್ಯಾನ್ ತೆರೆದು ತೋರಿಸಿ ಉತ್ತರ ಹೇಳುತ್ತಾರೆ. ಸಿಡುಕಿದರೆ, ಅಥವಾ ಮಾತು ತೇಲಿಸಿದರೆ, ಆಗ ಬೇರೆ ರೆಟಿನಾ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳೋಣ. ಸ್ಕ್ಯಾನ್‌ಗಳ ಕಾಪಿ ಕೇಳಿ ಪಡೆಯುವುದು ಅಣ್ಣನ ಹಕ್ಕು.

ಇನ್ನೊಂದು ಕೆಲಸ ಇದೆ. ಮೆಡಿಕೇರ್‌ನಿಂದ ಅಣ್ಣನ ಹೆಸರಿಗೆ ಕೆಲವು ತಿಂಗಳಿಗೊಮ್ಮೆ ಸಮ್ಮರಿ ನೋಟಿಸ್ (ಅವನ ಹೆಸರಿಗೆ ಬಿದ್ದ ಬಿಲ್‌ಗಳ ಪಟ್ಟಿ) ಅಂಚೆಯಲ್ಲಿ ಬರುತ್ತದೆ, ಅತ್ತಿಗೆ ಅದನ್ನು ಜಾಹೀರಾತು ಅಂದುಕೊಂಡು ಡ್ರಾಯರ್‌ಗೆ ಹಾಕುತ್ತಾರೆ. ಎಲ್ಲ ಹೊರಗೆ ತೆಗೆ. ಇಂಜೆಕ್ಷನ್ ಆದ ದಿನಗಳನ್ನು ಅಣ್ಣ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿರುತ್ತಾನೆ, ಎರಡನ್ನೂ ತಾಳೆ ನೋಡು. ಹೋಗದ ದಿನಕ್ಕೆ ಬಿಲ್ ಬಿದ್ದಿದ್ದರೆ, ಕೊಡದ ಇಂಜೆಕ್ಷನ್ ಸೇರಿದ್ದರೆ, ಮೊದಲು ಕ್ಲಿನಿಕ್‌ಗೆ ಫೋನ್ ಮಾಡಿ ಕೇಳು. ಬರೀ ಟೈಪಿಂಗ್ ತಪ್ಪಾದರೆ ಅಲ್ಲೇ ಸರಿಹೋಗುತ್ತದೆ. ಉತ್ತರ ಸರಿ ಅನ್ನಿಸದಿದ್ದರೆ ಮೆಡಿಕೇರ್‌ನವರಿಗೆ ತಿಳಿಸು. ಹಿರಿಯರಿಗೆ ಸಹಾಯ ಮಾಡಲಿಕ್ಕೇ ಎಲ್ಲ ರಾಜ್ಯಗಳಲ್ಲೂ ಸೀನಿಯರ್ ಮೆಡಿಕೇರ್ ಪಟ್ರೋಲ್ ಇದೆ, ಅವರೂ ಪುಕ್ಕಟೆಯಾಗಿ ನೋಡಿಕೊಡುತ್ತಾರೆ. ನೋಟಿಸ್‌ಗಳ ಫೋಟೋ ತೆಗೆದು ನನಗೂ ಕಳಿಸು, ಕೋಡ್‌ಗಳನ್ನು ನಾನೇ ಓದಿ ಹೇಳುತ್ತೇನೆ.

ಅಣ್ಣ, ಅತ್ತಿಗೆಗೆ ನನ್ನ ನಮಸ್ಕಾರ. ಇಂಜೆಕ್ಷನ್ ಆದ ದಿನ ಸಂಜೆ ತಪ್ಪದೆ ಫೋನ್ ಮಾಡು.

ನಿನ್ನ ಪ್ರೀತಿಯ
ಅತ್ತೆ