ಭಾನುವಾರ ಸಂಜೆ ಡೈವಿಂಗ್ ನೋಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5 ಗಂಟೆಗೆ ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಡೈವಿಂಗ್ ಫೈನಲ್ ಹಾಕುತ್ತೇವೆ. 2024ರ ಆ ಕೂಟದಲ್ಲಿ ಎಂಟಕ್ಕೆ ಎಂಟು ಚಿನ್ನವನ್ನೂ ಚೀನಾ ಬಾಚಿಕೊಂಡಿತು. ಫಲಿತಾಂಶ ಗೊತ್ತಿದ್ದರೂ ನೋಡುವ ಸುಖವೇ ಬೇರೆ.

ಕಳೆದ ಬಾರಿ ಅಂಕಗಳ ಬಗ್ಗೆ ಜಗಳವೇ ಆಯಿತು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ವೈಯಕ್ತಿಕ ಸ್ಪರ್ಧೆಗೆ ಏಳು ತೀರ್ಪುಗಾರರು. ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಅಂಕಗಳನ್ನು ಬಿಟ್ಟು, ಉಳಿದ ಮೂರನ್ನು ಕೂಡಿ, ಜಿಗಿತ ಎಷ್ಟು ಕಠಿಣ ಎಂಬುದಕ್ಕೆ ನಿಗದಿಯಾದ ಸಂಖ್ಯೆಯಿಂದ ಗುಣಿಸುತ್ತಾರೆ. ಹತ್ತು ಮೀಟರ್ ಎತ್ತರದಿಂದ ಧುಮುಕಿದರೂ ನೀರು ಹೆಚ್ಚು ಚಿಮ್ಮಬಾರದು. ನಮ್ಮ ಮಕ್ಕಳು ಧುಮುಕಿದರೆ ದಡದಲ್ಲಿ ಕುಳಿತ ನಾವೇ ತೋಯುತ್ತೇವೆ!

ಮಳೆ ಬಂದರೆ ಕೆಳಗಿನ ಹಾಲ್. ಚುರುಮುರಿ ನನ್ನದು, ಕಾಫಿಗೆ ಲೋಟ ನೀವೇ ತನ್ನಿ. ಬರುವವರು ಶುಕ್ರವಾರದೊಳಗೆ ತಿಳಿಸಿ.