ತೀರ್ಥಹಳ್ಳಿ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಬಂದವರಿಗೆ

ಹೆಸರು ಕೇಳುವ ಮೊದಲೇ ಹೊರಟುಬಿಟ್ಟಿರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಮಳೆಯಲ್ಲಿ ನಮ್ಮ ಗಬ್ಬದ ಹಸು ಅಡಿಕೆ ತೋಟದ ಬಸಿಗಾಲುವೆಗೆ ಜಾರಿ ಬಿದ್ದಿತ್ತು. ಮಲೆನಾಡು ಗಿಡ್ಡ ತಳಿ, ಸಣ್ಣ ಜೀವ. ಆದರೂ ಕೆಸರಲ್ಲಿ ಕೂತರೆ ಎತ್ತುವುದು ಸುಲಭ ಅಲ್ಲ. ನಾವು ಗಾಬರಿಯಲ್ಲಿ ಕೊರಳ ಹಗ್ಗಕ್ಕೇ ಕೈ ಹಾಕಿದ್ದೆವು. ನೀವು ಓಡಿ ಬಂದು "ಕೊರಳು ಎಳೀಬೇಡಿ, ಉಸಿರು ಕಟ್ಟುತ್ತೆ" ಅಂದಿರಿ.

ಮೊದಲು ಅದನ್ನು ಮಗ್ಗುಲಿನಿಂದ ಎದೆಯ ಮೇಲೆ ಕೂರಿಸಿದಿರಿ. ಮಗ್ಗುಲಲ್ಲೇ ಮಲಗಿಸಿದರೆ ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಉಬ್ಬರ ಬರುತ್ತೆ, ಹೊಟ್ಟೆಯ ಎಡಗಡೆ ಉಬ್ಬುತ್ತಾ ಅಂತ ನೋಡ್ತಾ ಇರಿ ಅಂತ ನನ್ನ ಮಗಳಿಗೂ ತೋರಿಸಿದಿರಿ. ಗೋಣಿಚೀಲ ಮಡಚಿ ಎದೆಯ ಅಡಿಗೆ ತೂರಿಸಿ, ಕಾಲುವೆಯ ದಂಡೆ ಕಡಿದು, ಅಡಿಕೆ ದಬ್ಬೆ ಹಾಸಿ ದಾರಿ ಮಾಡಿದಿರಿ. ನಿಮ್ಮ ಬಿಳಿ ಅಂಗಿ ಪೂರ್ತಿ ಕೆಂಪು ಮಣ್ಣಾಗಿತ್ತು. ಹಸು ನಡುಗುತ್ತಾ ಎದ್ದು ನಿಂತಾಗ ಅಮ್ಮ ಅತ್ತೇಬಿಟ್ಟರು.

1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸಿಗುತ್ತೆ ಅಂತ ಹೇಳಿದ್ದೂ ನೀವೇ. ಕೊಟ್ಟಿಗೆ ಗೋಡೆಯಲ್ಲಿ ಬರೆದಿಟ್ಟಿದ್ದೇವೆ.

ಹಸು ಮೇಯುತ್ತಿದೆ, ಹೊಟ್ಟೆಯ ಕರುವೂ ಆಡುತ್ತಿದೆ. ತುಂಬಾ ತುಂಬಾ ಧನ್ಯವಾದ. ನಿಮ್ಮ ಹಗ್ಗ ನಮ್ಮಲ್ಲೇ ಉಳಿದಿದೆ, ಈ ಕಡೆ ಬಂದಾಗ ಊಟಕ್ಕೆ ಬನ್ನಿ.