ಎಡೆಯ ಮುಂದೆ ಮೊಬೈಲು: ಮರೆತ ಹೆಸರುಗಳಿಗಾಗಿ

ಮಾನ್ಯ ಸಂಪಾದಕರೇ,

ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವಾಗ ದೂರದಲ್ಲಿರುವ ಮಕ್ಕಳಿಗೆ ವಿಡಿಯೊ ಕರೆ ಮಾಡಿ ತೋರಿಸುವುದು ಅರಸೀಕೆರೆ ಸೀಮೆಯ ನಮ್ಮ ಹಳ್ಳಿಗಳಲ್ಲೂ ರೂಢಿಯಾಗುತ್ತಿದೆ. ಪಿತೃಗಳ ಮುಂದೆ ಮೊಬೈಲು ಹಿಡಿಯುವುದು ಅಪಚಾರವೆಂದು ನೊಂದುಕೊಳ್ಳುವ ಹಿರಿಯರಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. 2025ರ ಸೆಪ್ಟೆಂಬರ್ 21ರಂದು ನಮ್ಮ ಮನೆಯಲ್ಲಿ ನಡೆದದ್ದು ನನ್ನ ಎಣಿಕೆಯನ್ನು ಬದಲಿಸಿತು.

ಕಳಶದ ಮುಂದೆ ಬಾಳೆಲೆ ಹಾಸಿ, ಕಜ್ಜಾಯ, ವಡೆ ಬಡಿಸಿ, ಅಪ್ಪನ ನಶ್ಯದ ಡಬ್ಬಿಯನ್ನೂ ಇಟ್ಟು ಧೂಪ ಹಾಕುತ್ತಿದ್ದಾಗ, ಐರ್ಲೆಂಡಿನಿಂದ ನೋಡುತ್ತಿದ್ದ ಮಗ ತನ್ನ ಮುತ್ತಜ್ಜಿಯ ಹೆಸರೇನೆಂದು ಕೇಳಿದ. ಅಪ್ಪನ ತಾಯಿಯ ಹೆಸರು ನನಗೇ ತಿಳಿದಿರಲಿಲ್ಲ. ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತರನ್ನು ವಸು, ರುದ್ರ, ಆದಿತ್ಯ ರೂಪದಲ್ಲಿ ನೆನೆಯುವಂತೆ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೂ ನೆನೆಯುವ ವಿಧಿಯಿದೆ. ಆದರೆ ಗಂಡಸರ ಹೆಸರು ಹಳೆಯ ಕ್ರಯಪತ್ರಗಳಲ್ಲಾದರೂ ಸಿಗುತ್ತದೆ. ಹೆಂಗಸರ ಹೆಸರು ಬಾಯಿಂದ ಬಾಯಿಗೆ ದಾಟದಿದ್ದರೆ ಅಲ್ಲಿಗೇ ಮುಗಿಯಿತು. ನಡುಮನೆಯಲ್ಲಿ ಕುಳಿತಿದ್ದ ನನ್ನ ಸೋದರತ್ತೆ ತಮ್ಮ ತಾಯಿಯ ಹೆಸರು ಹೇಳಿದರು, ಅವರ ತವರೂರು ಹೇಳಿದರು, ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಆಕೆ ಸಂಸಾರ ನಡೆಸಿದ ಬಗೆಯನ್ನು, ತಾವು ಕೇಳಿ ತಿಳಿದಷ್ಟನ್ನೂ ಹೇಳಿದರು. ಮಗಳು ಅದನ್ನೆಲ್ಲ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಳು. ಅತ್ತೆ ಸಂಕ್ರಾಂತಿಗೆ ಮೊದಲೇ ತೀರಿಕೊಂಡರು. ಅವರ ದನಿ ಈಗ ನಮ್ಮ ಮನೆಯಲ್ಲಿದೆ.

ಇಂಥ ನೆನಪನ್ನು ಕಾಯುವುದನ್ನೇ ಕುಲವೃತ್ತಿಯಾಗಿ ಮಾಡಿಕೊಂಡವರು ಹೆಳವರು. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ವಂಶಾವಳಿಯನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ದವಸ, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಈಗಲೂ ಅವರು ಬಂದರೆ, ಒಪ್ಪಿಗೆ ಕೇಳಿ, ತಕ್ಕ ಸಂಭಾವನೆ ಕೊಟ್ಟು, ಅವರ ಹಾಡುಗಾರಿಕೆಯನ್ನು ಪೂರ್ತಿಯಾಗಿ ಮುದ್ರಿಸಿಕೊಳ್ಳಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ.

ನಮ್ಮ ಜಿಲ್ಲೆಯ ಊರೂರಿನಲ್ಲಿರುವ ವೀರಗಲ್ಲುಗಳನ್ನು ಕೆತ್ತಿಸಿದವರೂ ಸತ್ತವರ ಹೆಸರು ಉಳಿಯಲೆಂದು ಆಗ ಕೈಗೆ ದಕ್ಕಿದ್ದ ಉಳಿ, ಕಲ್ಲುಗಳನ್ನೇ ಬಳಸಿದರು. ಆ ಕಲ್ಲುಗಳೂ ಮಳೆಗೆ, ಬಿಸಿಲಿಗೆ ಸವೆಯುತ್ತವೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಪ್ರತಿ ಮಾಡಿಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದ್ದರಿಂದಲೇ, ಅಕ್ಷರ ಮಾಸಿದ ಕಲ್ಲುಗಳ ಪಾಠವನ್ನೂ ಇಂದು ಪುಸ್ತಕದಲ್ಲಿ ಓದಬಹುದಾಗಿದೆ.

ಎಡೆಯ ಚಿತ್ರವನ್ನು ಸ್ಟೇಟಸ್‌ಗೆ ಹಾಕುವುದು ಬೇರೆ ಮಾತು. ಅದನ್ನು ನಾನು ಒಪ್ಪಲಾರೆ. ಹಣ ಕಳಿಸಿ ಆನ್‌ಲೈನಿನಲ್ಲಿ ಪಿಂಡಪ್ರದಾನ ಮಾಡಿಸುವುದು ನಡೆದಾಡಲಾಗದವರಿಗೆ ಅನುಕೂಲವಿರಬಹುದು, ಆದರೆ ಕೈಕಾಲು ಗಟ್ಟಿಯಿರುವವರು ಊರಿಗೆ ಬರಬೇಕು.

ಮುಂದಿನ ಪಕ್ಷಕ್ಕೆ ಕಾಯದೆ, ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಅವರ ಬಳಿ ಕುಳಿತು ಕೇಳಿ. ಮೊದಲು ಹೆಂಗಸರ ಹೆಸರುಗಳನ್ನು, ಅವರ ತವರೂರುಗಳನ್ನು ಕೇಳಿ. ಮೊಬೈಲು ಕಳೆದರೆ ದನಿಯೂ ಕಳೆದುಹೋಗುವುದರಿಂದ ಇನ್ನೆರಡು ಕಡೆ ಪ್ರತಿ ಇಟ್ಟು, ಮಾತನಾಡಿದವರ ಹೆಸರು, ಊರು, ದಿನಾಂಕಗಳನ್ನು ಕಡತದ ಹೆಸರಿನಲ್ಲೇ ಬರೆದಿಡಿ.

ಇತಿ,
ಒಬ್ಬ ಓದುಗ
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ